ಕಾರು, ಇಡ್ಲಿ ಮತ್ತು ಅಳತೆಗೋಲು

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ನಡೆಯುವ ಚರ್ಚೆಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಕಳೆದ ಬೇಸಗೆಯ ಒಂದು ದಿನ ಮಾತು ವಿದ್ಯುತ್ ಕಾರಿನ ಕಡೆಗೆ ಹೊರಳಿತು. "ಒಮ್ಮೆ ಚಾರ್ಜು ಮಾಡಿದರೆ ಮುನ್ನೂರು ಕಿಲೋಮೀಟರು ನಿಶ್ಚಿಂತೆ, ನನ್ನ ಷಡ್ಡಕನೇ ಇಟ್ಟುಕೊಂಡಿದ್ದಾನೆ" ಎಂದರು ಒಬ್ಬರು. "ಇನ್ನೂರೂ ಬರುವುದಿಲ್ಲ, ನಮ್ಮ ಪಕ್ಕದ ಮನೆಯವರು ನಡುದಾರಿಯಲ್ಲಿ ನಿಂತುಹೋಗಿದ್ದರು" ಎಂದರು ಇನ್ನೊಬ್ಬರು. ಮೂರನೆಯವರಿಗೆ ಬೆಂಕಿಯ ಭಯ. ನಾಲ್ಕನೆಯವರು, "ಕಲ್ಲಿದ್ದಲು ಸುಟ್ಟು ಮಾಡಿದ ಕರೆಂಟು ತಾನೆ? ಹೊಗೆ ಇಲ್ಲಿ ಬಿಡುವುದರ ಬದಲು ಅಲ್ಲಿ ಬಿಟ್ಟಂತಾಯಿತು" ಎಂದು ತೀರ್ಪು ಕೊಟ್ಟರು. ಅಷ್ಟರಲ್ಲಿ ಮಾತು ಬಸ್ ನಿಲ್ದಾಣದೆದುರು ತೆರೆದಿದ್ದ ಹೊಸ ಹೋಟೆಲಿಗೆ ಜಿಗಿಯಿತು. ಅದು ಊರೂರಿಗೆ ಶಾಖೆ ತೆರೆದಿರುವ ಒಂದು ಹೋಟೆಲಿನ ಶಾಖೆ. "ಮೂಲ ಹೋಟೆಲಿನ ಇಡ್ಲಿಯ ರುಚಿ ಇಲ್ಲಿ ಇಲ್ಲ", "ಅಜಿನೊಮೊಟೊ ಹಾಕುತ್ತಾರೆ, ತಿಂದರೆ ತಲೆನೋವು ಖಂಡಿತ" ಎಂದು ಅದರ ಮೇಲೂ ಅಭಿಪ್ರಾಯಗಳ ಮಳೆ ಸುರಿಯಿತು. ಗಂಟೆ ಬಾರಿಸಿತು, ಎಲ್ಲರೂ ತರಗತಿಗಳಿಗೆ ಹೋದೆವು.

ಇಂತಹ ಮಾತುಗಳಿಂದ ಹಾನಿ ಏನೂ ಇಲ್ಲ, ಯಾರೂ ಅವನ್ನು ನಂಬಿ ನಡೆಯದಿರುವವರೆಗೆ. ಆದರೆ ಅದೇ ಸಂಜೆ ನನ್ನ ಸೋದರಮಾವನಿಂದ ದೂರವಾಣಿ ಕರೆ ಬಂದಿತು. ಅವರು ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿದ್ದಾರೆ, ನಿವೃತ್ತರು. ವಾರಕ್ಕೆ ಎರಡು ಬಾರಿ ಅತ್ತೆಯನ್ನು ಚಿಕಿತ್ಸೆಗಾಗಿ ಶಿವಮೊಗ್ಗಕ್ಕೆ ಕರೆದೊಯ್ಯಬೇಕು. ಹೋಗಲು 65 ಕಿಲೋಮೀಟರ್, ಬರಲು ಮತ್ತೆ 65. ಹಳೆಯ ಪೆಟ್ರೋಲ್ ಕಾರು ಪದೇ ಪದೇ ಕೈಕೊಡುತ್ತಿತ್ತು. ತಿಂಗಳಿಗೆ 60 ಲೀಟರಿಗೂ ಮೇಲೆ ಪೆಟ್ರೋಲು ಬೇಕು. ಬರುವುದು ಪಿಂಚಣಿಯ ಹಣ. "ವಿದ್ಯುತ್ ಕಾರು ತೆಗೆದುಕೊಳ್ಳಲೋ ಬೇಡವೋ? ನೀನು ಭೌತಶಾಸ್ತ್ರದ ಮೇಷ್ಟ್ರು, ನೀನೇ ಹೇಳು" ಎಂದರು. ನಾನು ಒಂದು ಕ್ಷಣವೂ ಯೋಚಿಸದೆ, "ಈಗ ಬೇಡ ಮಾವ, ಇನ್ನೂ ನಂಬುವ ಹಾಗಿಲ್ಲ" ಎಂದುಬಿಟ್ಟೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನೀನು ಮಾಡಿದ ಲೆಕ್ಕವೋ, ಕೇಳಿದ ಮಾತೋ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಕಾಗದ ಪೆನ್ಸಿಲು ಹಿಡಿದು ಕುಳಿತು ಮಾಡಿದ ಲೆಕ್ಕವೇ ಈ ಲೇಖನದ ಹುಟ್ಟು. ಇದರಲ್ಲಿ ಬರುವ ಗಣಿತ ಪ್ರೌಢಶಾಲೆಯ ಮಟ್ಟವನ್ನು ಮೀರುವುದಿಲ್ಲ.

ಮುನ್ನೂರೋ, ಇನ್ನೂರೋ?

ಮೊದಲು ಇಬ್ಬರ ಜಗಳವನ್ನು ಬಗೆಹರಿಸೋಣ. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವ ಕಾರಿಗೆ ಶಕ್ತಿ ಏಕೆ ಬೇಕು? ನ್ಯೂಟನ್ನನ ಮೊದಲನೆಯ ನಿಯಮದಂತೆ ಚಲಿಸುವ ವಸ್ತು ತಾನಾಗಿಯೇ ಚಲಿಸುತ್ತಲೇ ಇರಬೇಕಲ್ಲವೆ? ಇರಬೇಕು, ತಡೆಯುವ ಬಲಗಳು ಇಲ್ಲದಿದ್ದರೆ. ಕಾರನ್ನು ತಡೆಯುವ ಬಲಗಳು ಮುಖ್ಯವಾಗಿ ಎರಡು. ಒಂದು, ಚಕ್ರಗಳು ಉರುಳುವಾಗ ಟೈರು ಅಮುಕಿ ಅರಳುವುದರಿಂದ ಉಂಟಾಗುವ ಉರುಳು ಘರ್ಷಣೆ. ಇನ್ನೊಂದು, ಮುಂದಿರುವ ಗಾಳಿಯನ್ನು ಸೀಳಿಕೊಂಡು ಹೋಗುವಾಗ ಗಾಳಿ ಒಡ್ಡುವ ತಡೆ.

ಉರುಳು ಘರ್ಷಣೆ ಕಾರಿನ ತೂಕದ ಸುಮಾರು ನೂರನೆಯ ಒಂದು ಭಾಗ. 1,400 ಕಿಲೋಗ್ರಾಂ ರಾಶಿಯ ಚಿಕ್ಕ ಕಾರಿಗೆ ಇದು ಸುಮಾರು 140 ನ್ಯೂಟನ್. ವೇಗ ಹೆಚ್ಚಾದರೂ ಇದು ಬಹಳ ಬದಲಾಗುವುದಿಲ್ಲ. ಗಾಳಿಯ ತಡೆ ಹಾಗಲ್ಲ. ಅದು ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಇಂತಹ ಕಾರಿಗೆ ಗಾಳಿ ಒಡ್ಡುವ ತಡೆ ಸುಮಾರು 120 ನ್ಯೂಟನ್. ವೇಗವನ್ನು 100ಕ್ಕೆ ಏರಿಸಿದರೆ ಅದು ಸುಮಾರು 325 ನ್ಯೂಟನ್ ಆಗುತ್ತದೆ. ವೇಗ ಹೆಚ್ಚಿದ್ದು ಎರಡು ಪಟ್ಟಿಗಿಂತ ಕಡಮೆ; ಗಾಳಿಯ ತಡೆ ಹೆಚ್ಚಿದ್ದು ಎರಡೂವರೆ ಪಟ್ಟಿಗಿಂತ ಜಾಸ್ತಿ.

ಎರಡು ಬಲಗಳನ್ನೂ ಕೂಡಿಸಿದರೆ 60ರ ವೇಗದಲ್ಲಿ 260 ನ್ಯೂಟನ್, 100ರ ವೇಗದಲ್ಲಿ 465 ನ್ಯೂಟನ್. ಕೆಲಸವೆಂದರೆ ಬಲವನ್ನು ದೂರದಿಂದ ಗುಣಿಸಿದ್ದು. ನೂರು ಕಿಲೋಮೀಟರ್ ಎಂದರೆ ಒಂದು ಲಕ್ಷ ಮೀಟರ್. ಆದ್ದರಿಂದ ಮೊದಲನೆಯದಕ್ಕೆ 260 ಲಕ್ಷ ಜೌಲ್, ಎರಡನೆಯದಕ್ಕೆ 465 ಲಕ್ಷ ಜೌಲ್. ನಮ್ಮ ಮನೆಯ ಮೀಟರು ಅಳೆಯುವ ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್. ಹೀಗೆ ಭಾಗಿಸಿದರೆ ಕ್ರಮವಾಗಿ 7.2 ಮತ್ತು 12.9 ಯೂನಿಟ್ ಎಂದಾಗುತ್ತದೆ. ಬ್ಯಾಟರಿಯಿಂದ ಚಕ್ರದವರೆಗೆ ಶೇಕಡಾ 15ರಷ್ಟು ನಷ್ಟವಾಗುವುದೆಂದು ಹಿಡಿದರೆ 8.5 ಮತ್ತು 15.2. ಕಾರಿನ ಒಳಗನ್ನು ತಂಪಾಗಿಡುವ ಯಂತ್ರ ಒಂದು ಕಿಲೋವಾಟ್ ಸೆಳೆಯುತ್ತದೆಂದು ಇಟ್ಟುಕೊಂಡರೆ, ನಿಧಾನವಾಗಿ ಹೋಗುವ ಕಾರು ನೂರು ಕಿಲೋಮೀಟರಿಗೆ ಹೆಚ್ಚು ಹೊತ್ತು ತೆಗೆದುಕೊಳ್ಳುವುದರಿಂದ ಅದಕ್ಕೆ 1.7 ಯೂನಿಟ್, ವೇಗದ ಕಾರಿಗೆ 1 ಯೂನಿಟ್ ಸೇರುತ್ತದೆ. ಕೊನೆಯ ಮೊತ್ತ: 10.2 ಮತ್ತು 16.2 ಯೂನಿಟ್.

ಬ್ಯಾಟರಿಯಲ್ಲಿ 30 ಯೂನಿಟ್ ತುಂಬಿದೆ ಎನ್ನೋಣ. 60ರ ವೇಗದಲ್ಲಿ ಕಾರು ಸುಮಾರು 295 ಕಿಲೋಮೀಟರ್ ಹೋಗುತ್ತದೆ; 100ರ ವೇಗದಲ್ಲಿ 185. ಒಂದೇ ಕಾರು, ಒಂದೇ ಬ್ಯಾಟರಿ! ಮುನ್ನೂರು ಎಂದವರೂ ಸುಳ್ಳು ಹೇಳಲಿಲ್ಲ, ಇನ್ನೂರೂ ಬರದು ಎಂದವರೂ ಸುಳ್ಳು ಹೇಳಲಿಲ್ಲ. ಒಬ್ಬರ ಷಡ್ಡಕ ಊರೊಳಗೆ ಸಮಾಧಾನದಿಂದ ಓಡಿಸಿದ್ದಾನು. ಇನ್ನೊಬ್ಬರ ನೆರೆಮನೆಯವರು ಹೆದ್ದಾರಿಯಲ್ಲಿ ಬಿರುಸಾಗಿ ಹೋಗಿದ್ದಾರು. ಇಬ್ಬರೂ ವೇಗವನ್ನು ಹೇಳದೆ ದೂರವನ್ನು ಮಾತ್ರ ಹೇಳಿದ್ದೇ ಜಗಳಕ್ಕೆ ಕಾರಣ. ಪ್ರಯೋಗಶಾಲೆಯಲ್ಲಿ ಉಷ್ಣತೆಯನ್ನು ನಮೂದಿಸದೆ ಅನಿಲದ ಗಾತ್ರವನ್ನು ಬರೆದುಕೊಂಡು ಬಂದ ವಿದ್ಯಾರ್ಥಿಯ ದಾಖಲೆ ಪುಸ್ತಕವನ್ನು ನಾವು ಹಿಂದಿರುಗಿಸುತ್ತೇವೆ. ಊಟದ ಹೊತ್ತಿನಲ್ಲಿ ನಾವೇ ಆ ತಪ್ಪನ್ನು ಮಾಡುತ್ತೇವೆ.

ಬ್ಯಾಟರಿಯ ಭಾರ, ಪೆಟ್ರೋಲಿನ ಪೋಲು

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಅಡಗಿದೆ. ಆದ್ದರಿಂದ 30 ಯೂನಿಟಿಗೆ ಮೂರೂಕಾಲು ಲೀಟರ್ ಸಾಕು. ಅದರ ತೂಕ ಎರಡೂವರೆ ಕಿಲೋಗ್ರಾಂ. ಅಷ್ಟೇ ಶಕ್ತಿಯನ್ನು ಹಿಡಿದಿಡುವ ಲಿಥಿಯಮ್ ಬ್ಯಾಟರಿ ಸುಮಾರು 200 ಕಿಲೋಗ್ರಾಂ ತೂಗುತ್ತದೆ. ಈ ಹೋಲಿಕೆಯನ್ನು ಕೇಳಿದವರಿಗೆ ವಿದ್ಯುತ್ ಕಾರು ಮೂರ್ಖತನವೆಂದು ತೋರಬಹುದು. ಆದರೆ ಪೆಟ್ರೋಲ್ ಕಾರು ತನ್ನ ಶಕ್ತಿಯನ್ನು ಹೇಗೆ ಖರ್ಚುಮಾಡುತ್ತದೆ ಎಂಬುದನ್ನೂ ನೋಡಬೇಕು. ಲೀಟರಿಗೆ 18 ಕಿಲೋಮೀಟರ್ ಕೊಡುವ ಕಾರು ನೂರು ಕಿಲೋಮೀಟರಿಗೆ 5.6 ಲೀಟರ್, ಎಂದರೆ ಸುಮಾರು 50 ಯೂನಿಟ್ ಕುಡಿಯುತ್ತದೆ. ಚಕ್ರಕ್ಕೆ ಬೇಕಾದದ್ದು ಅದರ ಒಂದು ಅಲ್ಪ ಭಾಗ ಮಾತ್ರ. ಉಳಿದದ್ದು ರೇಡಿಯೇಟರಿನ ಮೂಲಕವೂ ಹೊಗೆಕೊಳವೆಯ ಮೂಲಕವೂ ಶಾಖವಾಗಿ ಗಾಳಿಗೆ ಹೋಗುತ್ತದೆ. ಇದರಲ್ಲಿ ಎಂಜಿನಿಯರುಗಳ ಅಲಕ್ಷ್ಯವೇನೂ ಇಲ್ಲ. ಶಾಖವನ್ನು ಕೆಲಸವನ್ನಾಗಿ ಮಾರ್ಪಡಿಸುವ ಯಾವ ಯಂತ್ರವೂ ಒಂದು ಮಿತಿಯನ್ನು ದಾಟಲಾರದೆಂದು ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲಿಯೇ ತೋರಿಸಿಕೊಟ್ಟನು. ವಿದ್ಯುತ್ ಮೋಟಾರು ಶಾಖಯಂತ್ರವಲ್ಲವಾದ್ದರಿಂದ ಆ ಮಿತಿ ಅದಕ್ಕೆ ತಗಲುವುದಿಲ್ಲ.

ಘಟ್ಟದ ರಸ್ತೆಯಲ್ಲಿ ಇನ್ನೊಂದು ವ್ಯತ್ಯಾಸ ಕಾಣುತ್ತದೆ. 500 ಮೀಟರ್ ಎತ್ತರವನ್ನು ಏರಬೇಕಾದರೆ ನಮ್ಮ ಕಾರಿಗೆ ಸುಮಾರು 1.9 ಯೂನಿಟ್ ಹೆಚ್ಚಿಗೆ ಬೇಕು. ಇಳಿಯುವಾಗ ಈ ಶಕ್ತಿ ಎಲ್ಲಿ ಹೋಗುತ್ತದೆ? ಪೆಟ್ರೋಲ್ ಕಾರಿನಲ್ಲಿ ಬ್ರೇಕಿನ ತಟ್ಟೆಗಳು ಕಾದು ಗಾಳಿಗೆ ಹೋಗುತ್ತದೆ. ವಿದ್ಯುತ್ ಕಾರಿನಲ್ಲಿ ಮೋಟಾರು ಇಳಿಜಾರಿನಲ್ಲಿ ಡೈನಮೋ ಆಗಿ ತಿರುಗಿ ಅದರ ಅರ್ಧಕ್ಕಿಂತ ಹೆಚ್ಚನ್ನು ಬ್ಯಾಟರಿಗೆ ಹಿಂದಿರುಗಿಸಬಲ್ಲುದು. ಬ್ರೇಕು ಒತ್ತಿದಾಗ ಚಾರ್ಜು ಏರುವುದನ್ನು ಕಂಡು ಬೆರಗಾದವರು ನಮ್ಮಲ್ಲಿ ಅನೇಕರಿದ್ದಾರೆ. ಇದು ಶಕ್ತಿಯ ನಿತ್ಯತೆಯ ನಿಯಮವೇ ಹೊರತು ಪವಾಡವಲ್ಲ.

ತುಂಬಿಸುವ ವೇಗದ ಮಾತಿಗೆ ಬಂದರೆ ಪೆಟ್ರೋಲಿನ ಗೆಲುವನ್ನು ಒಪ್ಪಲೇಬೇಕು. ಬಂಕಿನ ಕೊಳವೆ ನಿಮಿಷಕ್ಕೆ 30 ಲೀಟರ್ ಸುರಿಸಿದರೆ ಅದು 16 ಮೆಗಾವಾಟ್ ದರದಲ್ಲಿ ಶಕ್ತಿ ತುಂಬಿದಂತೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಲು ಪ್ರಾರಂಭಿಸಿದ ಶಿವನಸಮುದ್ರದ ಕೇಂದ್ರದ ಆರಂಭದ ಸಾಮರ್ಥ್ಯ 5 ಮೆಗಾವಾಟಿಗೂ ಕಡಮೆ ಇತ್ತೆಂಬುದನ್ನು ನೆನೆದರೆ ಆ ಕೊಳವೆಯ ಮೇಲೆ ಗೌರವ ಹುಟ್ಟುತ್ತದೆ. ಮನೆಯ ಹದಿನೈದು ಆಂಪಿಯರಿನ ಪ್ಲಗ್ಗಿನಿಂದ ದೊರೆಯುವುದು ಸುಮಾರು 3 ಕಿಲೋವಾಟ್ ಮಾತ್ರ. 30 ಯೂನಿಟ್ ತುಂಬಲು ಹತ್ತು ಗಂಟೆ ಬೇಕು. ಆದರೆ ಕಾರು ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿರುತ್ತದಷ್ಟೆ? ದಾರಿಯಲ್ಲಿ ಕಾಯುವವನಿಗೆ ಹತ್ತು ಗಂಟೆ ಒಂದು ಯುಗ; ಮಲಗಿ ನಿದ್ರಿಸುವವನಿಗೆ ಅದು ಲೆಕ್ಕಕ್ಕಿಲ್ಲ.

ಅಭಿಪ್ರಾಯಕ್ಕೂ ತಾರೀಖು ಬೇಕು

ವಿದ್ಯುತ್ ಕಾರು ನಿನ್ನೆ ಮೊನ್ನೆಯದಲ್ಲ. 1899ರಲ್ಲಿ ಕಮೀಲ್ ಜೆನಾಟ್ಸಿ ಎಂಬ ಬೆಲ್ಜಿಯಮ್ಮಿನವನು ಫ್ರಾನ್ಸಿನಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗವನ್ನು ದಾಟಿದ್ದು ವಿದ್ಯುತ್ ಕಾರಿನಲ್ಲಿ. 1900ರ ಸುಮಾರಿಗೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಕಾರುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ವಿದ್ಯುತ್ತಿನವು. ಅಗ್ಗದ ಪೆಟ್ರೋಲು, ಕೈಯಿಂದ ತಿರುವುವ ಕಷ್ಟವನ್ನು ತಪ್ಪಿಸಿದ 1912ರ ಸ್ವಯಂಚಾಲಕ ಸ್ಟಾರ್ಟರು, ಭಾರವಾದ ಸೀಸದ ಬ್ಯಾಟರಿ ಇವೆಲ್ಲ ಸೇರಿ ಅದನ್ನು ಮೂಲೆಗೆ ಒತ್ತಿದವು.

ನಮ್ಮ ಬೆಂಗಳೂರಿನಲ್ಲಿ 2001ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಮಾರಾಟಕ್ಕೆ ಬಂದಿತು. ಅದರಲ್ಲಿ ಇದ್ದದ್ದು ಸೀಸ-ಆಮ್ಲದ ಬ್ಯಾಟರಿ. ಒಮ್ಮೆ ತುಂಬಿದರೆ ಸುಮಾರು 80 ಕಿಲೋಮೀಟರ್ ಹೋಗುತ್ತಿತ್ತು. "ವಿದ್ಯುತ್ ಕಾರು ಊರ ಗಡಿ ದಾಟದು" ಎಂಬ ಅಭಿಪ್ರಾಯ ಆ ಕಾಲದಲ್ಲಿ ಸರಿಯಾದ ಅಭಿಪ್ರಾಯವೇ ಆಗಿತ್ತು. ಆದರೆ ಸೀಸದ ಬ್ಯಾಟರಿಗೆ ಹೋಲಿಸಿದರೆ ಲಿಥಿಯಮ್ ಅಯಾನು ಬ್ಯಾಟರಿ ಅದೇ ತೂಕದಲ್ಲಿ ಸುಮಾರು ನಾಲ್ಕು ಪಟ್ಟು ಶಕ್ತಿಯನ್ನು ಹಿಡಿಯುತ್ತದೆ. 1991ರಲ್ಲಿ ಮಾರುಕಟ್ಟೆಗೆ ಬಂದ ಈ ಬ್ಯಾಟರಿಯನ್ನು ರೂಪಿಸಿದ ಗುಡೆನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಬ್ಯಾಟರಿ ಬದಲಾಯಿತು, ಅಭಿಪ್ರಾಯ ಮಾತ್ರ ಹಳೆಯ ಕಾರಿನಲ್ಲಿಯೇ ಕುಳಿತಿದೆ. ಔಷಧದ ಶೀಶೆಯ ಮೇಲೆ ಇರುವಂತೆ ಅಭಿಪ್ರಾಯದ ಮೇಲೂ ಒಂದು ತಾರೀಖು ಇರುವುದು ಒಳ್ಳೆಯದು.

ಬೆಂಕಿಯ ಭಯದಲ್ಲಿಯೂ ಒಂದು ಪಾಠವಿದೆ. ಲಿಥಿಯಮ್ ಬ್ಯಾಟರಿಯ ಒಂದು ಕೋಶ ಮಿತಿಮೀರಿ ಕಾದರೆ ಅದರೊಳಗಿನ ಕ್ರಿಯೆಗಳೇ ಮತ್ತಷ್ಟು ಶಾಖವನ್ನು ಹುಟ್ಟಿಸುತ್ತವೆ. ಆ ಶಾಖ ಪಕ್ಕದ ಕೋಶಕ್ಕೆ ಹಬ್ಬುತ್ತದೆ. ಇಂತಹ ಬೆಂಕಿಯನ್ನು ಆರಿಸುವುದು ಕಷ್ಟ. ಇದು ನಿಜ. ಆದರೆ ಯಾವುದು ಹೆಚ್ಚು ಅಪಾಯಕಾರಿ ಎಂದು ತಿಳಿಯಲು ಸುದ್ದಿಗಳನ್ನು ಎಣಿಸಿದರೆ ಸಾಲದು. ಎಷ್ಟು ಕಾರುಗಳಲ್ಲಿ ಎಷ್ಟಕ್ಕೆ ಬೆಂಕಿ ತಗುಲಿತು ಎಂದು ಭಾಗಿಸಿ ನೋಡಬೇಕು. ಪೆಟ್ರೋಲ್ ಕಾರಿಗೆ ಬೆಂಕಿ ಬಿದ್ದರೆ ಅದು ಊರಿನ ಸುದ್ದಿ. ವಿದ್ಯುತ್ ಕಾರಿಗೆ ಬಿದ್ದರೆ ದೇಶದ ಸುದ್ದಿ. ವಿದ್ಯುತ್ ಕಾರುಗಳು ಹೇರಳವಾಗಿರುವ ಸ್ವೀಡನ್ನಿನಲ್ಲಿ ಹೀಗೆ ಭಾಗಿಸಿ ನೋಡಿದಾಗ ಅವುಗಳ ಬೆಂಕಿಯ ಪ್ರಮಾಣ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗಿಂತ ಕಡಮೆಯೆಂದು ಕಂಡುಬಂದಿದೆ. ಆ ಕಾರುಗಳು ಬಹುಪಾಲು ಹೊಸವು ಎಂಬುದನ್ನೂ ಜೊತೆಗೆ ನೆನಪಿಡಬೇಕು.

ಕಲ್ಲಿದ್ದಲಿನ ಆಕ್ಷೇಪ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ಪೆಟ್ರೋಲ್ ಕಾರು ನೂರು ಕಿಲೋಮೀಟರಿಗೆ ಸುಮಾರು 13 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ವಿದ್ಯುತ್ ಕಾರಿಗೆ ಬ್ಯಾಟರಿಯಿಂದ 10 ಯೂನಿಟ್ ಬೇಕಾದರೆ, ತಂತಿಯ ನಷ್ಟ, ಚಾರ್ಜಿನ ನಷ್ಟ ಸೇರಿ ವಿದ್ಯುತ್ ಕೇಂದ್ರದಲ್ಲಿ 13 ಯೂನಿಟಿನಷ್ಟು ಉತ್ಪಾದಿಸಬೇಕು. ಎಲ್ಲವೂ ಕಲ್ಲಿದ್ದಲಿನಿಂದಲೇ ಬಂದರೆ ಯೂನಿಟಿಗೆ ಸುಮಾರು ಒಂದು ಕಿಲೋಗ್ರಾಮಿನಂತೆ ಇಲ್ಲಿಯೂ 13 ಕಿಲೋಗ್ರಾಂ! ಆಗ ಲಾಭವೇನೂ ಇಲ್ಲ. ಭಾರತದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನದು. ಸರಾಸರಿ ಯೂನಿಟಿಗೆ 0.7 ಕಿಲೋಗ್ರಾಮಿನಂತೆ ಲೆಕ್ಕ ಹಾಕಿದರೆ 9 ಕಿಲೋಗ್ರಾಂ ಆಗುತ್ತದೆ. ಬ್ಯಾಟರಿಯನ್ನು ತಯಾರಿಸುವಾಗ ಆದ ಖರ್ಚನ್ನು ತೀರಿಸಲು ಕಾರು ಹಲವು ಸಾವಿರ ಕಿಲೋಮೀಟರ್ ಓಡಬೇಕು. ಶರಾವತಿಯ ನೀರು, ಪಾವಗಡದ ಬಿಸಿಲು, ಚಿತ್ರದುರ್ಗದ ಗಾಳಿ ಇವುಗಳ ಪಾಲು ಹೆಚ್ಚಿದಷ್ಟೂ ಲಾಭ ಹೆಚ್ಚು. ನಾಲ್ಕನೆಯ ಸಹೋದ್ಯೋಗಿಯ ಮಾತು ಸುಳ್ಳಲ್ಲ. ಅದು ಒಂದು ಮಿತಿಯೊಳಗೆ ನಿಜ. ಆ ಮಿತಿಯನ್ನು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇಡ್ಲಿ ಒಂದೇ ಆಗಿ ದೋಸೆ ಬೇರೆಯಾಗುವುದೇಕೆ?

ಈಗ ಹೋಟೆಲಿಗೆ ಹೋಗೋಣ. ಒಂದು ಹೋಟೆಲು ಇಪ್ಪತ್ತು ಊರುಗಳಲ್ಲಿ ಒಂದೇ ರುಚಿಯನ್ನು ಕೊಡಬೇಕಾದರೆ ಉಷ್ಣತೆಯನ್ನೂ ಕಾಲವನ್ನೂ ಅಳತೆಯನ್ನೂ ಒಂದೇ ಸಮನಾಗಿ ಇಡಬೇಕು. ಇಡ್ಲಿಯ ವಿಷಯದಲ್ಲಿ ಪ್ರಕೃತಿಯೇ ಈ ಕೆಲಸದ ಅರ್ಧವನ್ನು ಮಾಡಿಕೊಡುತ್ತದೆ. ಇಡ್ಲಿ ಹಬೆಯಲ್ಲಿ ಬೇಯುತ್ತದೆ. ತೆರೆದ ಪಾತ್ರೆಯ ಹಬೆ ನೀರಿನ ಕುದಿಯುವ ಬಿಂದುವನ್ನು ದಾಟಲಾರದು. ಒಲೆಯ ಉರಿಯನ್ನು ಎಷ್ಟೇ ಹೆಚ್ಚಿಸಿ, ಮಂಗಳೂರಿನಲ್ಲಿ ಅದು 100 ಡಿಗ್ರಿ, ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿ. ಅಡಿಗೆಯವನು ಬದಲಾದರೂ ಹಬೆ ಬದಲಾಗುವುದಿಲ್ಲ. ಹಿಟ್ಟು ಹುದುಗುವಾಗಿನ ಉಷ್ಣತೆಯೊಂದನ್ನು ಕಾಯ್ದುಕೊಂಡರೆ ಇಡ್ಲಿ ಎಲ್ಲೆಡೆಯೂ ಹೆಚ್ಚುಕಡಮೆ ಒಂದೇ.

ದೋಸೆಯ ಕಾವಲಿಗೆ ಇಂತಹ ಕಡಿವಾಣವಿಲ್ಲ. ಅದರ ಉಷ್ಣತೆ 150 ಡಿಗ್ರಿಯೂ ಆಗಬಹುದು, 250ನ್ನೂ ಮುಟ್ಟಬಹುದು. ದೋಸೆಯ ಹೊಂಬಣ್ಣವೂ ಪರಿಮಳವೂ ಸಕ್ಕರೆಯ ಅಂಶಗಳು ಅಮೈನೋ ಆಮ್ಲಗಳೊಡನೆ ಕೂಡುವುದರಿಂದ ಬರುತ್ತವೆ. ಇದಕ್ಕೆ 1912ರಲ್ಲಿ ಇದನ್ನು ವಿವರಿಸಿದ ಮೈಲಾರ್ಡನ ಹೆಸರನ್ನು ಇಟ್ಟಿದ್ದಾರೆ. ಈ ಕ್ರಿಯೆ 140 ಡಿಗ್ರಿಯ ಮೇಲೆ ಚುರುಕಾಗುತ್ತದೆ. ಇನ್ನೂ ಏರಿದರೆ ದೋಸೆ ಕರಕಾಗುತ್ತದೆ. ಆದ್ದರಿಂದಲೇ ದೋಸೆ ಹೊಯ್ಯುವವನು ಕಾವಲಿಯ ಮೇಲೆ ನೀರು ಚಿಮುಕಿಸಿ ಹನಿಗಳು ಓಡಾಡುವ ರೀತಿಯನ್ನು ನೋಡುತ್ತಾನೆ. ಅವನ ಉಷ್ಣಮಾಪಕ ಅದೇ. ಶಾಖೆಯಿಂದ ಶಾಖೆಗೆ ದೋಸೆ ಬದಲಾಗುತ್ತದೆ ಎಂದರೆ ನಂಬಬಹುದು; ಇಡ್ಲಿ ಬಹಳ ಬದಲಾಗುತ್ತದೆ ಎಂದರೆ ಪರೀಕ್ಷಿಸಬೇಕು.

ಪರೀಕ್ಷಿಸುವುದು ಹೇಗೆ? ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1935ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಇದಕ್ಕೊಂದು ಸೊಗಸಾದ ಉಪಾಯವನ್ನು ವಿವರಿಸಿದನು. ಬಟ್ಟಲಿಗೆ ಮೊದಲು ಹಾಲು ಹಾಕಿದರೋ ಮೊದಲು ಚಹಾ ಹಾಕಿದರೋ ಎಂಬುದನ್ನು ಕುಡಿದೇ ಹೇಳಬಲ್ಲೆನೆನ್ನುವ ಒಬ್ಬ ಮಹಿಳೆಯನ್ನು ಪರೀಕ್ಷಿಸುವ ಬಗೆ ಅದು. ಅದನ್ನೇ ಇಡ್ಲಿಗೆ ಅನ್ವಯಿಸೋಣ. ಮೂಲ ಹೋಟೆಲಿನ ನಾಲ್ಕು, ಶಾಖೆಯ ನಾಲ್ಕು, ಒಟ್ಟು ಎಂಟು ಇಡ್ಲಿಗಳನ್ನು ಒಂದೇ ಬಿಸಿಯಲ್ಲಿ, ಒಂದೇ ಬಗೆಯ ತಟ್ಟೆಗಳಲ್ಲಿ, ಚೀಟಿ ಎತ್ತಿ ನಿರ್ಧರಿಸಿದ ಅನುಕ್ರಮದಲ್ಲಿ ಇಡಬೇಕು. ಯಾವುದು ಎಲ್ಲಿಯದೆಂದು ತಿನ್ನುವವನಿಗೂ ತಿಳಿದಿರಬಾರದು, ಬಡಿಸುವವನಿಗೂ ತಿಳಿದಿರಬಾರದು. ಎಂಟರಿಂದ ನಾಲ್ಕನ್ನು ಆರಿಸಲು 70 ದಾರಿಗಳಿವೆ. ಕಣ್ಣುಮುಚ್ಚಿ ಊಹಿಸುವವನು ನಾಲ್ಕನ್ನೂ ಸರಿಯಾಗಿ ಆರಿಸುವ ಸಂಭವ 70ರಲ್ಲಿ ಒಂದು ಮಾತ್ರ. ನಾಲ್ಕರಲ್ಲಿ ಮೂರನ್ನು ಸರಿಯಾಗಿ ಹೇಳಿದರೆ? ಚಪ್ಪಾಳೆ ತಟ್ಟುವ ಮುಂಚೆ ಲೆಕ್ಕ ನೋಡಿ: ಬರಿಯ ಊಹೆಯಿಂದಲೇ ಮೂರು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಂಭವ 70ರಲ್ಲಿ 17, ಎಂದರೆ ಸುಮಾರು ನಾಲ್ಕರಲ್ಲಿ ಒಂದು.

ಅಜಿನೊಮೊಟೊ ಎಂಬ ಭೂತ

1908ರಲ್ಲಿ ಟೋಕಿಯೋದ ಕಿಕುನಾಯೆ ಇಕೆಡಾ ಎಂಬ ರಸಾಯನಶಾಸ್ತ್ರಜ್ಞರು ಕಡಲಕಳೆಯ ಸಾರಿನ ರುಚಿಗೆ ಕಾರಣವಾದ ಗ್ಲುಟಮಿಕ್ ಆಮ್ಲವನ್ನು ಬೇರ್ಪಡಿಸಿದರು. ಅದರ ಸೋಡಿಯಮ್ ಲವಣವೇ ಮಾನೋಸೋಡಿಯಮ್ ಗ್ಲುಟಮೇಟ್. ಅದನ್ನು ಮಾರುವ ಕಂಪನಿಯ ಹೆಸರೇ ನಮ್ಮಲ್ಲಿ ಪದಾರ್ಥದ ಹೆಸರಾಗಿದೆ. ಮಾಗಿದ ಟೊಮೇಟೊ ಹಣ್ಣಿನಲ್ಲಿಯೂ ಗ್ಲುಟಮೇಟ್ ಇದೆ. 1968ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಗೆ ವೈದ್ಯರೊಬ್ಬರು ಪತ್ರ ಬರೆದು, ಚೀನೀ ಹೋಟೆಲಿನಲ್ಲಿ ಉಂಡಾಗ ತಮಗೆ ಕುತ್ತಿಗೆ ಜೋಮು ಹಿಡಿಯುತ್ತದೆಂದೂ ಕಾರಣ ಏನಿರಬಹುದೆಂದೂ ಕೇಳಿದ್ದರು. ಸೂಚಿಸಿದ ಹಲವು ಕಾರಣಗಳಲ್ಲಿ ಇದೂ ಒಂದು. ಜನ ಉಳಿದವನ್ನು ಮರೆತು ಇದೊಂದನ್ನು ಹಿಡಿದುಕೊಂಡರು. ಮುಂದೆ, ತಮಗೆ ಅದು ಒಗ್ಗದು ಎನ್ನುವವರಿಗೇ ಇಡ್ಲಿಯ ಪರೀಕ್ಷೆಯಂತೆ ಗುಟ್ಟಾಗಿ ಕೊಟ್ಟು ನೋಡಿದಾಗ, ಬರಿಯ ಹೊಟ್ಟೆಗೆ ಹಲವು ಗ್ರಾಂ ಕೊಟ್ಟರೆ ಕೆಲವರಿಗೆ ಸ್ವಲ್ಪ ಹೊತ್ತು ಅಸ್ವಸ್ಥತೆ ಕಂಡಿತಾದರೂ, ಅದೇ ಜನರಿಗೆ ಮತ್ತೆ ಕೊಟ್ಟಾಗ ಅದು ಒಂದೇ ಸಮನಾಗಿ ಮರುಕಳಿಸಲಿಲ್ಲ.

ಈ ಪದಾರ್ಥ ನಮ್ಮ ರಾಜಧಾನಿಯಲ್ಲಿ ಒಮ್ಮೆ ದೊಡ್ಡ ವಿವಾದವನ್ನೇ ಎಬ್ಬಿಸಿತ್ತು. 1995ರಲ್ಲಿ ಕೆಂಟಕಿ ಫ್ರೈಡ್ ಚಿಕನ್ ಸಂಸ್ಥೆ ಭಾರತದ ತನ್ನ ಮೊದಲ ಹೋಟೆಲನ್ನು ಬೆಂಗಳೂರಿನಲ್ಲಿ ತೆರೆದಾಗ, ಆಹಾರದಲ್ಲಿ ಇದರ ಪ್ರಮಾಣ ಮಿತಿಮೀರಿದೆಯೆಂದು ನಗರಪಾಲಿಕೆ ಪರವಾನಗಿಯನ್ನು ರದ್ದುಮಾಡಿತು. ನ್ಯಾಯಾಲಯದ ಆದೇಶದಿಂದ ಹೋಟೆಲು ಮತ್ತೆ ತೆರೆಯಿತು. 1996ರ ಜನವರಿಯಲ್ಲಿ ರೈತಸಂಘದ ಕಾರ್ಯಕರ್ತರು ಅದರ ಮೇಲೆ ದಾಳಿ ಮಾಡಿದರು. ರೈತಸಂಘದ ಮುಖ್ಯ ವಾದ ಬೇಸಾಯ ಮತ್ತು ವಿದೇಶೀ ಬಂಡವಾಳಕ್ಕೆ ಸಂಬಂಧಿಸಿದ್ದು. ಅದು ರಾಜಕೀಯದ, ಅರ್ಥಶಾಸ್ತ್ರದ ಪ್ರಶ್ನೆ. ಲವಣದ ಪ್ರಮಾಣ ರಸಾಯನಶಾಸ್ತ್ರದ ಪ್ರಶ್ನೆ. ಒಂದರ ಉತ್ತರದಿಂದ ಇನ್ನೊಂದು ಬಗೆಹರಿಯುವುದಿಲ್ಲ. ಊಟದ ಹೊತ್ತಿನ ಮಾತಿನಲ್ಲಿ ಎರಡೂ ಒಂದೇ ತಟ್ಟೆಯಲ್ಲಿ ಬೆರೆತುಹೋಗುತ್ತವೆ.

ಹಾಗಾದರೆ ಶಾಖಾ ಹೋಟೆಲುಗಳ ಕರಿದ ತಿಂಡಿಯಲ್ಲಿ ಚಿಂತಿಸತಕ್ಕದ್ದು ಏನೂ ಇಲ್ಲವೆ? ಇದೆ, ಆದರೆ ಅದು ಉಪ್ಪಿನಲ್ಲಿ, ಎಣ್ಣೆಯಲ್ಲಿ, ಪ್ರಮಾಣದಲ್ಲಿ. ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಮಾಡಿದೆ. ಒಂದು ಗ್ರಾಂ ಎಣ್ಣೆಯಲ್ಲಿ 9 ಕಿಲೋಕ್ಯಾಲೊರಿ ಶಕ್ತಿ ಇದೆ. ತಿಂಡಿಯೊಂದು 25 ಗ್ರಾಂ ಎಣ್ಣೆಯನ್ನು ಹೀರಿಕೊಂಡಿದ್ದರೆ ಎಣ್ಣೆಯಿಂದಲೇ 225 ಕಿಲೋಕ್ಯಾಲೊರಿ, ಎಂದರೆ ಕಾಲು ಯೂನಿಟಿಗೆ ಸ್ವಲ್ಪ ಮೇಲೆ. ನಮ್ಮ ಕಾರು ಅಷ್ಟು ಶಕ್ತಿಯಿಂದ ಎರಡೂವರೆ ಕಿಲೋಮೀಟರ್ ಹೋದೀತು. 60 ಕಿಲೋಗ್ರಾಂ ತೂಕದ ವಿದ್ಯಾರ್ಥಿ ಅದನ್ನು ಕರಗಿಸಲು ಸುಮಾರು ನಾಲ್ಕು ಕಿಲೋಮೀಟರ್ ನಡೆಯಬೇಕು. ಕಾರಿಗೂ ಕರಿದ ತಿಂಡಿಗೂ ಜೌಲ್ ಒಂದೇ.

ಮಾವನ ನೋಟುಪುಸ್ತಕ

ಮರುದಿನ ನಾನು ಮಾವನಿಗೆ ಲೆಕ್ಕವನ್ನು ಒಪ್ಪಿಸಿದೆ. ಮಲೆನಾಡಿನ ಏರಿಳಿತ, ಮಳೆ ಎಲ್ಲವನ್ನೂ ಸೇರಿಸಿ ಧಾರಾಳವಾಗಿ ನೂರು ಕಿಲೋಮೀಟರಿಗೆ 15 ಯೂನಿಟ್ ಎಂದು ಹಿಡಿದರೂ 130 ಕಿಲೋಮೀಟರಿಗೆ 19.5 ಯೂನಿಟ್. 30ರಲ್ಲಿ 10.5 ಉಳಿಯುತ್ತದೆ. ಹಲವು ವರ್ಷಗಳ ಮೇಲೆ ಬ್ಯಾಟರಿಯ ಶಕ್ತಿ ಶೇಕಡಾ 20ರಷ್ಟು ಕುಂದಿದರೂ ಹೋಗಿಬರಲು ಸಾಲುತ್ತದೆ. "ನಿನ್ನೆ ಹೇಳಿದ್ದು ತಪ್ಪು ಮಾವ, ಕಾರು ಹೋಗುತ್ತದೆ" ಎಂದೆ.

"ಕಾರು ಹೋಗುತ್ತದೆ ಸರಿ. ಮಳೆಗಾಲದಲ್ಲಿ ಕರೆಂಟು ಬರುತ್ತದೆಯೇ ಮಾರಾಯ?" ಎಂದರು ಮಾವ. ನನ್ನ ಇಡೀ ರಾತ್ರಿಯ ಲೆಕ್ಕದಲ್ಲಿ ಆ ಪ್ರಶ್ನೆಯೇ ಇರಲಿಲ್ಲ! ಮಲೆನಾಡಿನ ಮಳೆಯಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುವುದೆಂದು ಯಾವ ಸೂತ್ರವೂ ಹೇಳುವುದಿಲ್ಲ. ಅಧ್ಯಾಪಕರ ಕೊಠಡಿಯ ನಾಲ್ವರಿಗೂ ಅದು ಹೊಳೆದಿರಲಿಲ್ಲ.

ಮಾವ ಯಾರ ಅಭಿಪ್ರಾಯವನ್ನೂ ಕೇಳಲು ಹೋಗಲಿಲ್ಲ. ಹಳೆಯ ಡೈರಿಯೊಂದನ್ನು ಗೋಡೆಯ ಮೊಳೆಗೆ ತೂಗುಹಾಕಿ, ಜೂನ್ ಜುಲೈ ಎರಡು ತಿಂಗಳೂ ಕರೆಂಟು ಹೋದ ಹೊತ್ತನ್ನೂ ಬಂದ ಹೊತ್ತನ್ನೂ ಬರೆದಿಟ್ಟರು. ಅತಿ ದೀರ್ಘವಾಗಿ ಹೋದದ್ದು 41 ಗಂಟೆ. ಎರಡು ಪ್ರಯಾಣಗಳ ನಡುವೆ ಒಟ್ಟು ಏಳು ಗಂಟೆಯಾದರೂ ಕರೆಂಟು ಇಲ್ಲದೆ ಹೋದದ್ದು ಒಂದೇ ಬಾರಿ. ಆ ಒಂದು ಬಾರಿ ಏನಾಗುತ್ತಿತ್ತು? ಉಳಿದಿದ್ದ 10.5 ಯೂನಿಟಿನಲ್ಲಿ ಒಮ್ಮುಖವಾಗಿ ಶಿವಮೊಗ್ಗಕ್ಕೆ ಹೋಗಲು ಬೇಕಾದ 9.75 ಯೂನಿಟ್ ಇರುತ್ತಿತ್ತು. ಚಿಕಿತ್ಸೆ ಮುಗಿಯುವ ಹೊತ್ತಿಗೆ ಅಲ್ಲಿಯೇ ಚಾರ್ಜು ಮಾಡಿಕೊಳ್ಳಬಹುದಾಗಿತ್ತು. ಬ್ಯಾಟರಿ ಹಳತಾದ ಮೇಲೆ ಈ ಧೈರ್ಯ ಸಲ್ಲದೆಂದೂ, ಆ ಕಾಲಕ್ಕೆ ಬಾಡಿಗೆ ಕಾರಿನ ಏರ್ಪಾಡು ಬೇಕೆಂದೂ ಮಾವನೇ ಡೈರಿಯ ಕೆಳಗೆ ಬರೆದುಕೊಂಡರು. ಪ್ಲಗ್ಗನ್ನು ನೋಡಲು ಬಂದ ವಿದ್ಯುತ್ ಕೆಲಸಗಾರನು ಹಳೆಯ ಮನೆಯ ಅರ್ತಿಂಗು ಸರಿಯಿಲ್ಲವೆಂದು ಕಂಡುಹಿಡಿದನು. ಅದನ್ನು ಸರಿಪಡಿಸಿದ ಮೇಲೆಯೇ ಕಾರು ಬಂದಿತು.

ವಿದ್ಯಾರ್ಥಿಗಳೇ, ಅಭಿಪ್ರಾಯ ಹೇಳಬೇಡಿರೆಂದು ನಾನು ಹೇಳುವುದಿಲ್ಲ. ಅಭಿಪ್ರಾಯವಿಲ್ಲದ ಊಟದ ಹೊತ್ತು ಬಲು ಬೇಸರದ್ದು. ಆದರೆ ನಿಮ್ಮ ಮಾತನ್ನು ನಂಬಿ ಯಾರಾದರೂ ಹಣ ಹೂಡುವರೆಂದಾಗ, ರೋಗಿಯೊಬ್ಬರನ್ನು ಕಾರಿನಲ್ಲಿ ಕೂರಿಸುವರೆಂದಾಗ, ಯಾವ ವೇಗದಲ್ಲಿ, ಯಾವ ವರ್ಷದಲ್ಲಿ, ಎಷ್ಟರಲ್ಲಿ ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಮೊದಲು ನಿಮಗೆ ನೀವೇ ಕೇಳಿಕೊಳ್ಳಿ. ಮುಂದಿನ ಭಾನುವಾರ ಎಂಟು ಇಡ್ಲಿಗಳನ್ನು ತರಿಸಿ ಗೆಳೆಯರೊಡನೆ ಫಿಶರನ ಪರೀಕ್ಷೆಯನ್ನು ಮಾಡಿ ನೋಡಿ. ಫಲಿತಾಂಶ ಏನೇ ಬಂದರೂ ಪ್ರಯೋಗದ ಸಾಮಗ್ರಿ ವ್ಯರ್ಥವಾಗುವುದಿಲ್ಲ. ಮಾವನ ಡೈರಿ ಈಗಲೂ ಮೊಳೆಯಲ್ಲಿ ತೂಗುತ್ತಿದೆ. ಕರೆಂಟಿನ ಹೊತ್ತಿನ ಪಕ್ಕದಲ್ಲಿ ಈಗ ಪ್ರತಿ ಪ್ರಯಾಣಕ್ಕೆ ತಗಲಿದ ಯೂನಿಟನ್ನೂ ಬರೆಯುತ್ತಿದ್ದಾರೆ. ಇದುವರೆಗಿನ ಸರಾಸರಿ ನೂರು ಕಿಲೋಮೀಟರಿಗೆ 11.8. ನನ್ನ ಲೆಕ್ಕ ಧಾರಾಳವಾಯಿತೆಂದು ಅವರ ಆಕ್ಷೇಪ.